ಎಷ್ಟು ಹೊಲಿಗೆ ಅಂತ ಕೇಳುವವರಿಗೆ

ಸಿಸೇರಿಯನ್ ಆಯ್ತು ಅಂತ ಮನೆಗೆ ಫೋನ್ ಮಾಡಿದರೆ, ಗಂಡೋ ಹೆಣ್ಣೋ ಅಂದಮೇಲೆ ಬರುವ ಪ್ರಶ್ನೆ: "ಎಷ್ಟು ಹೊಲಿಗೆ ಹಾಕಿದಾರೆ?" ನಾನಿರುವ ಕಡೆಯ ಆಸ್ಪತ್ರೆಯಲ್ಲಿ ನರ್ಸ್ ಎಣಿಸುವ ಗೋಜಿಗೇ ಹೋಗುವುದಿಲ್ಲ. ಚರ್ಮದಡಿ ಒಂದೇ ದಾರ ಈ ತುದಿಯಿಂದ ಆ ತುದಿಗೆ ಓಡಿದ್ದರೆ ಎಣಿಸಲು ಏನಿದೆ?

ವಿಚಾರಿಸಬೇಕಾದ್ದು ಪದರಗಳನ್ನು. ಗರ್ಭಕೋಶವನ್ನು ಕರಗುವ ದಾರದಿಂದ ಒಂದೋ ಎರಡೋ ಪದರದಲ್ಲಿ ಮುಚ್ಚುತ್ತಾರೆ. ಹೊಟ್ಟೆಯ ಒಳಗೋಡೆಯ ತೆಳುಪೊರೆಯನ್ನು ಎಷ್ಟೋ ಸಲ ಹೊಲಿಯುವುದೇ ಇಲ್ಲ, ತಾನೇ ಕೂಡಿಕೊಳ್ಳುತ್ತದೆ. ಭಾರ ಹೊರುವುದು ಸ್ನಾಯುವಿನ ಮೇಲಿನ ಗಟ್ಟಿ ಹೊದಿಕೆ, ಶೀತ್. ಅಲ್ಲಿ ಅಂಚಿನಿಂದ ಸುಮಾರು 1 ಸೆಂ.ಮೀ. ಬಿಟ್ಟು, 1 ಸೆಂ.ಮೀ.ಗೊಂದರಂತೆ ಸೂಜಿ ಹಾಯಿಸುತ್ತಾರೆ. ಅಂಚಿಗೆ ತೀರಾ ಹತ್ತಿರವಾದರೆ ದಾರ ಸೀಳಿಕೊಂಡು ಬರುತ್ತದೆ, ಬಿಗಿ ಹೆಚ್ಚಾದರೆ ರಕ್ತ ಹರಿಯದೆ ಅಂಚು ಸಾಯುತ್ತದೆ. ಮುಂದೆ ಹರ್ನಿಯಾ ಆಗುವುದು ಈ ಪದರ ಬಿಟ್ಟುಕೊಂಡರೆ. ಚರ್ಮದಡಿಯ ಕೊಬ್ಬು 2 ಸೆಂ.ಮೀ. ಮೀರಿದ್ದರೆ ಅದನ್ನೂ ಹೊಲಿಯುವುದು ಒಳ್ಳೆಯದು. ಹಾಗೇ ಬಿಟ್ಟರೆ ನೀರು ತುಂಬಿ ಗಾಯ ಬಾಯಿಬಿಡುವ ಸಂಭವ ಜಾಸ್ತಿ. ಚರ್ಮಕ್ಕೆ ಸ್ಟೇಪಲ್ ಬೇಗ ಮುಗಿಯುವ ಕೆಲಸ, ಆದರೆ ಒಳಹೊಲಿಗೆಗಿಂತ ಬಿಚ್ಚಿಕೊಳ್ಳುವುದು ಹೆಚ್ಚು.

ನೀರು ಸೋಕಿಸಬೇಡ ಅನ್ನುವ ನಮ್ಮವರ ಹಟ ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯ ಡ್ರೆಸ್ಸಿಂಗ್ ಒಂದು ದಿನದಲ್ಲಿ ತೆಗೆದು ಇಲ್ಲಿ ಶವರ್‌ಗೆ ಕಳಿಸುತ್ತಾರೆ. ಉಜ್ಜದೆ ಒತ್ತಿ ಒರೆಸಬೇಕು, ಹೊಟ್ಟೆಯ ಮಡಿಕೆಯಡಿ ತೇವ ಉಳಿಯಬಾರದು, ಅಷ್ಟೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕಾನ್ ಹಾಳೆಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು ಮೂರು ತಿಂಗಳು ಅಂಟಿಸಿದರೆ ಉಬ್ಬು ತಗ್ಗಬಹುದು. ಕೆಂಪು ಮಾಸಲು ವರ್ಷವೇ ಹಿಡಿದೀತು. ಗೆರೆಯ ಮೇಲ್ಭಾಗ ಜೋಮು ಹಿಡಿದಂತಿದ್ದರೆ ಹೆದರಬೇಕಿಲ್ಲ, ಸಣ್ಣ ನರಗಳು ಕತ್ತರಿಸಿಹೋಗಿರುತ್ತವೆ.

ಒಂದು ಮಾತು ಮಾತ್ರ, ಮನಸ್ಸಿಲ್ಲದಿದ್ದರೂ, ಒಪ್ಪಲೇಬೇಕು. ಆರು ವಾರಕ್ಕೂ ಗಾಯಕ್ಕೆ ಮೊದಲಿನ ಬಲದ ಅರ್ಧದಷ್ಟೇ ಬಂದಿರುತ್ತದೆ. ಇಲ್ಲಿ ಮೂರ್ನಾಲ್ಕು ದಿನಕ್ಕೇ ಡಿಸ್ಚಾರ್ಜ್. ಮಗುವಿಗಿಂತ ಭಾರದ್ದು ಎತ್ತಬೇಡಿ ಅಂತ ಚೀಟಿ ಕೊಡುತ್ತಾರೆ, ಎತ್ತಿಕೊಡುವವರನ್ನು ಕೊಡುವುದಿಲ್ಲ. ಅದೂ ಅಲ್ಲದೆ ಆ ಗೆರೆ ಬಾಣಂತಿಯ ಕಣ್ಣಿಗೇ ಬೀಳದ ಜಾಗದಲ್ಲಿರುತ್ತದೆ. ಕೆಂಪು ಹಬ್ಬುತ್ತಿದೆಯೇ, ಕೀವು ಜಿನುಗುತ್ತಿದೆಯೇ, ವಾಸನೆಯಿದೆಯೇ ಎಂದು ದಿನಾ ಬಗ್ಗಿ ನೋಡುವವರು, ಜ್ವರ ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೊರಡಿಸುವವರು, ಹೊಲಿಗೆ ಎಷ್ಟು ಅಂತ ಕೇಳುವ ಆ ಜನರೇ.