ಡಾಕ್ಟರ ಊಟಕ್ಕೂ ಲೆಕ್ಕ ಇದೆ ಇಲ್ಲಿ

ನ್ಯೂಜೆರ್ಸಿಯಲ್ಲಿ ನನಗೆ ಬಿಪಿ ಮಾತ್ರೆ ಬರೆದುಕೊಡುವ ಡಾಕ್ಟರ ಹೆಸರನ್ನು ಮೊನ್ನೆ ಸುಮ್ನೆ ಸರ್ಕಾರಿ ವೆಬ್‌ಸೈಟಿನಲ್ಲಿ ಹುಡುಕಿದೆ. ಸಾಲು ಸಾಲಾಗಿ ಊಟದ ಲೆಕ್ಕ ಬಂತು. ಯಾವ ಔಷಧ ಕಂಪನಿ ಕೊಡಿಸಿತು, ಯಾವ ತಾರೀಕು, ಯಾವ ಮಾತ್ರೆಯ ಪ್ರಚಾರಕ್ಕೆ, ಎಲ್ಲ ಇದೆ. ಒಂದು ಊಟಕ್ಕೆ 17 ಡಾಲರ್. ಮೊದಲು ನಗು ಬಂತು, ಆಮೇಲೆ ಹೊಟ್ಟೆಕಿಚ್ಚು.

ಓಪನ್ ಪೇಮೆಂಟ್ಸ್ ಅಂತ ಇದರ ಹೆಸರು. ಚಕ್ ಗ್ರಾಸ್ಲಿ, ಹರ್ಬ್ ಕೋಲ್ ಎಂಬ ಇಬ್ಬರು ಸೆನೆಟರುಗಳು, ಅದೂ ಎದುರುಬದುರು ಪಕ್ಷದವರು, ಬೆನ್ನು ಹತ್ತಿ, ಕಂಪನಿಗಳು ಡಾಕ್ಟರಿಗೆ ಕೊಟ್ಟದ್ದರ ಲೆಕ್ಕ ಒಪ್ಪಿಸಬೇಕು ಅಂತ 2010ರಲ್ಲಿ ಕಾನೂನು ಮಾಡಿಸಿದರು. 2014ರಿಂದ ಯಾರು ಬೇಕಾದರೂ ನೋಡಬಹುದು. ಫ್ರಾನ್ಸಿನಲ್ಲೂ 2011ರಲ್ಲಿ ಇಂಥದೇ ಕಾನೂನು ಬಂತು.

ನಮ್ಮ ಕಡೆ? ತಂಗಿಯ ಹೆರಿಗೆಗೆ ಊರಿಗೆ ಹೋಗಿದ್ದೆ. ಆಯಾ ಮಗುವನ್ನು ಹಳೇ ಸೀರೆಯಲ್ಲಿ ಸುತ್ತಿ ವಾರ್ಡಿನ ಬಾಗಿಲಲ್ಲೇ ನಿಂತಳು. "ಗಂಡು ಮಗು ಅಣ್ಣಾ, ಖುಷಿಗೆ ಕೊಡಿ." ನೂರು ರೂಪಾಯಿ ಕೊಟ್ಟರೆ ಕದಲಲಿಲ್ಲ. ಐನೂರಾದ ಮೇಲೆ ಮಗು ನಮ್ಮ ಕೈಗೆ ಬಂತು. ನಾನು ರೇಗಿದರೆ ಅಮ್ಮ, "ಹೋಗ್ಲಿ ಬಿಡೋ, ಅವಳಿಗೆ ಸಂಬಳ ಎಷ್ಟು ಬರುತ್ತೆ?" ಅಂದರು. ಈ ಹೋಗ್ಲಿಬಿಡು ಇದೆಯಲ್ಲ, ಅದಕ್ಕೇ ನನ್ನ ಮೈಯುರಿಯೋದು.

ಆಯಾಳ ಐನೂರಾದರೂ ಕಣ್ಣಿಗೆ ಕಂಡಿತು. ಸ್ಕ್ಯಾನಿಂಗ್ ಸೆಂಟರಿನಿಂದ ಡಾಕ್ಟರಿಗೆ ಹೋಗುವ ಕಮಿಷನ್ ಯಾರಿಗೆ ಕಾಣುತ್ತದೆ? "ಅಲ್ಲೇ ಮಾಡಿಸಿ, ಬೇರೆ ಕಡೆ ರಿಪೋರ್ಟ್ ಸರಿ ಇರಲ್ಲ" ಅನ್ನುತ್ತಾರೆ, ನಾವು ಚೀಟಿ ಹಿಡಿದು ಹೋಗುತ್ತೇವೆ, ಅಷ್ಟೇ. 2024ರಲ್ಲಿ ಕೇಂದ್ರ ಸರ್ಕಾರ ಔಷಧ ಕಂಪನಿಗಳಿಗೆ ಹೊಸ ನೀತಿಸಂಹಿತೆ ತಂದಿತು. ಡಾಕ್ಟರಿಗೆ ಉಡುಗೊರೆ ಕೊಡುವಂತಿಲ್ಲ. ಒಳ್ಳೇದೇ. ಆದರೆ ದೂರು ವಿಚಾರಿಸುವುದು ಯಾರು? ಕಂಪನಿಗಳದೇ ಸಂಘದ ಸಮಿತಿ! ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಅಲ್ವಾ?

ನಮ್ಮಲ್ಲಿ ಒಳ್ಳೆಯವರು ಇರಲಿಲ್ಲ ಅಂತಲ್ಲ. ಬಿಳಿಗಿರಿರಂಗನ ಬೆಟ್ಟದ ಡಾಕ್ಟರ್ ಸುದರ್ಶನ್ ಅವರು ನ್ಯಾಯಮೂರ್ತಿ ವೆಂಕಟಾಚಲರ ಕಾಲದಲ್ಲಿ ಲೋಕಾಯುಕ್ತಕ್ಕೆ ಬಂದು ಆಸ್ಪತ್ರೆಗಳ ಲಂಚದ ಬೆನ್ನು ಹತ್ತಿದ್ದರು. ಆದರೆ ಅಂಥವರು ಕುರ್ಚಿಯಲ್ಲಿ ಇರುವಷ್ಟು ದಿನ ಮಾತ್ರ ಹೆದರಿಕೆ. ವೆಬ್‌ಸೈಟಾದರೆ ಅದನ್ನು ಯಾವ ಮಂತ್ರಿಯೂ ಬೀದರಿಗೆ ವರ್ಗ ಮಾಡಲಾರ.

ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳಲೇಬೇಕು. ಇನ್ಸಿಸ್ ಅಂತ ಇಲ್ಲೊಂದು ಕಂಪನಿ ಇತ್ತು. ಫೆಂಟನಿಲ್ ಅಂದರೆ ಚಟ ಹಿಡಿಸುವ ಜೋರಾದ ನೋವಿನ ಔಷಧ; ತನ್ನ ಫೆಂಟನಿಲ್ ಸ್ಪ್ರೇ ಜಾಸ್ತಿ ಬರೆಯಲಿ ಅಂತ ಭಾಷಣದ ಫೀಸಿನ ಹೆಸರಲ್ಲಿ ಡಾಕ್ಟರುಗಳಿಗೆ ಲಂಚ ಕೊಟ್ಟಿತು. ಅದನ್ನು ಕಟ್ಟಿದ ಜಾನ್ ಕಪೂರ್, ಅಮೃತಸರದಲ್ಲಿ ಹುಟ್ಟಿದವನು, 2020ರಲ್ಲಿ 66 ತಿಂಗಳ ಜೈಲುಶಿಕ್ಷೆಗೆ ಗುರಿಯಾದ. ಅವನ ಕಂಪನಿ ಕೊಟ್ಟ ಫೀಸುಗಳೂ ಇದೇ ಪಟ್ಟಿಯಲ್ಲಿ ಹಾಡುಹಗಲೇ ಬಿದ್ದಿದ್ದವು. ನನ್ನ ಅಕ್ಕಪಕ್ಕದ ಅಮೆರಿಕನ್ನರನ್ನು ಕೇಳಿದರೆ, ಇಂಥ ಪಟ್ಟಿ ಇದೆ ಅನ್ನೋದೇ ಗೊತ್ತಿಲ್ಲ.

ನಮ್ಮ ಊರಿಗೆ ಆ ತೊಂದರೆ ಬರಲ್ಲ ಬಿಡಿ. ಎದುರುಮನೆಗೆ ಬಂದ ಫ್ರಿಜ್ ಎಷ್ಟು ಲೀಟರಿನದು, ಕಂತೋ ನಗದೋ ಅಂತ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುವ ಊರದು. ಪಟ್ಟಿ ಹಾಕಿ ನೋಡಲಿ, ಓದಿಸುವ ಕೆಲಸ ಅಮ್ಮನಿಗೆ ಬಿಡಲಿ.