ಅರ್ಥವಾಗಲಿಲ್ಲವೇ? ಚಪ್ಪಾಳೆ ತಟ್ಟಿ

ಸೆಮಿನಾರ್ ಮುಗಿದು ಉಪ್ಪಿಟ್ಟಿಗೆ ಸಾಲು ನಿಂತಿದ್ದೆವು. ಪಕ್ಕದವರು ಹೇಳಿದರು: "ಒಂದಕ್ಷರ ತಲೆಗೆ ಹೋಗಲಿಲ್ಲ ನೋಡಿ. ಆದ್ರೂ ಎಂಥಾ ವಿದ್ವಾಂಸರು, ಅಲ್ವಾ?"

ಆ ‘ಆದ್ರೂ’ ಯಾಕೆ ಬಂತೋ! ‘ಅದಕ್ಕೇ’ ಅನ್ನಬೇಕಿತ್ತು.

1970ರ ಸುಮಾರಿಗೆ ಅಮೆರಿಕದ ಮೂವರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಮೈಕಲ್ ಫಾಕ್ಸ್ ಎಂಬ ನಟನನ್ನು ಹಿಡಿದು ‘ಡಾ. ಮೈರನ್ ಫಾಕ್ಸ್’ ಮಾಡಿದರು. ಉಪನ್ಯಾಸದ ವಿಷಯ, ವೈದ್ಯ ಶಿಕ್ಷಣದಲ್ಲಿ ಗಣಿತದ ಗೇಮ್ ಥಿಯರಿ. ನಟನಿಗೆ ಅದರ ಗಂಧಗಾಳಿ ಇಲ್ಲ. ಒಂದಕ್ಕೊಂದು ತಾಳೆಯಾಗದ ಮಾತು, ಯಾವ ನಿಘಂಟಿನಲ್ಲೂ ಇಲ್ಲದ ಪದ, ನಡುನಡುವೆ ಜೋಕು. ತರಬೇತಿ ಇಷ್ಟೇ. ಕೇಳಿದವರು ಯಾರೋ ದಾರಿಹೋಕರಲ್ಲ, ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಪಾಠ ಹೇಳುವವರು. ಮೂರು ಗುಂಪು ಸೇರಿ 55 ಜನ. ಒಬ್ಬರಿಗೂ ಅನುಮಾನ ಬರಲಿಲ್ಲ. ಹೆಚ್ಚಿನವರು ಭೇಷ್ ಅಂದರು. ಒಬ್ಬರಂತೂ ಈ ಡಾಕ್ಟರ ಬರಹಗಳನ್ನು ಮೊದಲೇ ಓದಿದ್ದೇನೆ ಎಂದರು! ಆ ಪುಣ್ಯಾತ್ಮರು ನಮ್ಮ ಕಡೆ ಇದ್ದಿದ್ದರೆ ವರ್ಷವಿಡೀ ಶಾಲು, ಪೇಟ, ಹಣ್ಣಿನ ಬುಟ್ಟಿ.

ಇದಕ್ಕೆ ಉಲ್ಟಾ, 1966ರಲ್ಲಿ ಲ್ಯಾಂಡರ್ ಮತ್ತು ಪಾರ್ಕಿನ್ ಎಂಬ ಇಬ್ಬರು ಗಣಿತದ ಲೇಖನವೊಂದನ್ನು ಎರಡೇ ವಾಕ್ಯದಲ್ಲಿ ಮುಗಿಸಿದರು. 27, 84, 110, 133 ಇವುಗಳ ಐದನೇ ಘಾತಗಳನ್ನು ಕೂಡಿದರೆ 144ರ ಐದನೇ ಘಾತ ಬರುತ್ತದೆ, ಆದ್ದರಿಂದ ಹೀಗೆ ಕೂಡಲು ಕನಿಷ್ಠ ಐದು ಸಂಖ್ಯೆ ಬೇಕೆಂಬ ಗಣಿತಜ್ಞ ಆಯ್ಲರ್ ಊಹೆ ತಪ್ಪು. ಸುಮಾರು 200 ವರ್ಷ ನಿಂತಿದ್ದ ಊಹೆ ಅಲ್ಲಿಗೆ ಮಲಗಿತು. ನಮ್ಮಲ್ಲಾಗಿದ್ದರೆ ‘ಪೀಠಿಕೆ ಎಲ್ಲಿ, ಕೃತಜ್ಞತೆ ಎಲ್ಲಿ?’ ಅಂತ ವಾಪಸ್ ಕಳಿಸುತ್ತಿದ್ದೆವು.

ಕ್ವಾಂಟಂ ಭೌತಶಾಸ್ತ್ರ ಕಷ್ಟ, ನಿಜ. ಪಾಪ, ಅದು ಹುಟ್ಟಿದ್ದೇ ಹಾಗೆ. ನಾನು ಮಾತ್ರ ಕಷ್ಟಪಟ್ಟು ಕಷ್ಟ ಮಾಡಿದವನು. ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ‘ಸಾಲ ತೀರಿಸಲು ರೈತರು ಹಸು ಮಾರುತ್ತಾರೆ’ ಅಂತ ಬರೆದಿದ್ದೆ. ಗೈಡ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. "ಇದು ತುಂಬಾ ಅರ್ಥವಾಗುತ್ತೆ ಕಣಯ್ಯಾ."

ಮೂರು ದಿನ ಕೂತು ತಿದ್ದಿದೆ: ‘ಗ್ರಾಮೀಣ ಕೃಷಿಕುಟುಂಬಗಳ ಋಣವಿಮೋಚನಾ ಪ್ರಕ್ರಿಯೆಯಲ್ಲಿ ಜಾನುವಾರು ಸಂಪನ್ಮೂಲದ ನಗದೀಕರಣದ ಬಹುಆಯಾಮಗಳು.’ ಗೈಡ್ ಕಾಫಿ ತರಿಸಿದರು. ಅದೇ ಅಧ್ಯಾಯದ ಹೆಸರಾಯಿತು. ಡಾಕ್ಟರೇಟೂ ಬಂತು.

ಊರಿಗೆ ಒಂದು ಪ್ರತಿ ಒಯ್ದೆ. ಅಪ್ಪ ಅರ್ಧ ಗಂಟೆ ತಿರುವಿ ಹಾಕಿ ಕನ್ನಡಕ ತೆಗೆದರು. "ನಮ್ಮ ಗೌರಿ ಎಷ್ಟಕ್ಕೆ ಹೋಯ್ತು ಅನ್ನೋದನ್ನ ಎಲ್ಲಿ ಬರೆದಿದ್ದೀಯ?"

312 ಪುಟದಲ್ಲಿ ಅದೊಂದು ಇರಲಿಲ್ಲ.