ಸತ್ಯಾಂಶ: ಚಳಿಗೆ ಮಂಕಿ ಕ್ಯಾಪ್ ಒಂದೇ ಸಾಕೇ?

‘ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ, ಟೋಪಿ ಹಾಕಿದರೆ ಸಾಕು’ ಎಂಬ ಸಂದೇಶ ಮಾಗಿ ಬಂತೆಂದರೆ ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತದೆ. ಇದು ನಿಜವಲ್ಲ. ವಯಸ್ಕರ ತಲೆ ದೇಹದ ಮೇಲ್ಮೈಯಲ್ಲಿ ಸುಮಾರು ಶೇ 10ರಷ್ಟು. ಅಲ್ಲಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. 1950ರ ದಶಕದಲ್ಲಿ ಅಮೆರಿಕದ ಸೇನೆ ಮೈಯೆಲ್ಲ ಮುಚ್ಚಿ, ತಲೆಯನ್ನಷ್ಟೇ ಬಿಟ್ಟು ನಡೆಸಿದ ಪ್ರಯೋಗಗಳಿಂದ ಈ ತಪ್ಪು ಲೆಕ್ಕ ಹಬ್ಬಿತು ಎನ್ನುತ್ತಾರೆ.

ಮನೆಯ ಹಿರಿಯರು ಓದಲೆಂದೋ ಕೆಮ್ಮು ತಡೆಯಲಾರದೆಯೋ ಹಾಸಿಗೆಯಲ್ಲಿ ಎದ್ದು ಕುಳಿತಾಗ ಕಂಬಳಿ ಸೊಂಟಕ್ಕೆ ಜಾರುತ್ತದೆ, ಬೆನ್ನು ತಣ್ಣನೆಯ ಗೋಡೆಗೆ ತಾಗುತ್ತದೆ. ಚಳಿ ಹಿಡಿಯುವುದು ಅಲ್ಲಿ. ಬೆನ್ನಿಗೆ ದಿಂಬು ಕೊಡಿ, ಹೆಗಲು ಕತ್ತು ಮುಚ್ಚುವಂತೆ ಶಾಲು ಹೊದಿಸಿ. ಟೋಪಿಯೂ ಇರಲಿ, ಕೂದಲು ಉದುರಿದ ಹಿರಿಯರಿಗೆ ಅದು ಹಿತವೇ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಮಾತ್ರ ಬೇಡವೇ ಬೇಡ: ವಾಸನೆಯಿಲ್ಲದ ಕಾರ್ಬನ್ ಮೋನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯಬಲ್ಲದು.